ಮಾಗಿ ಬರಲಿ, ಅವರೆಯೂ ಬರುತ್ತದೆ

ಹೊಲ–ಮನೆ: ಓದುಗರ ಪ್ರಶ್ನೆ, ಮಾಗಡಿ ಸೀಮೆಯ ಬೇಸಾಯಗಾರ್ತಿಯ ಉತ್ತರ

ಈ ಸಲದ ಪತ್ರಗಳಲ್ಲಿ ಅರ್ಧಕ್ಕರ್ಧ ‘ಎಲ್ಲ ಬಿಟ್ಟು ಹಳ್ಳಿಗೆ ಬಂದುಬಿಡಬೇಕು ಅನ್ನಿಸುತ್ತಿದೆ’ ಎನ್ನುವವು. ಉಳಿದವು ಊಟದ ವಿಷಯ. ಊಟದ ಪತ್ರಗಳೇ ನನಗೆ ಹೆಚ್ಚು ಹಿಡಿಸಿದವು. ಆದರೂ ಮೊದಲನೆಯ ರಾಶಿಯಿಂದ ಒಂದನ್ನು ಎತ್ತಿಕೊಂಡು ಆ ಮಾತು ಮುಗಿಸಿಬಿಡುತ್ತೇನೆ.

ಪ್ರಶ್ನೆ: ಅಮ್ಮಾ, ನಾನೂ ನನ್ನ ಹೆಂಡತಿಯೂ ಸಾಫ್ಟ್‌ವೇರ್ ಕೆಲಸದಲ್ಲಿದ್ದೇವೆ. ನಿಮ್ಮ ಕಡೆ ಒಂದು ಎಕರೆ ಕೊಂಡು, ಮಣ್ಣಿನ ಮನೆ ಕಟ್ಟಿಕೊಂಡು, ರಾಗಿ, ತರಕಾರಿ ಬೆಳೆದು ಸರಳವಾಗಿ ಬದುಕುವ ಆಸೆಯಿದೆ. ಒಂದು ಎಕರೆ ಸಾಕೇ? ಕೆಲಸ ಬಿಡಬಹುದೇ? (ವೈಟ್‌ಫೀಲ್ಡ್‌ನ ಓದುಗರು)

ಉತ್ತರ: ಕೆಲಸ ಬಿಡಬೇಡಿ, ತಮ್ಮಾ. ಲೆಕ್ಕ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮಳೆ ಕೈಕೊಡದ ವರ್ಷ ಖುಷ್ಕಿ ಜಮೀನಿನಲ್ಲಿ ಎಕರೆಗೆ ಏಳು ಕ್ವಿಂಟಲ್ ರಾಗಿ ಬಂದರೆ ನಾವು ಕಣಕ್ಕೆ ಕೈ ಮುಗಿಯುತ್ತೇವೆ. 2025–26ಕ್ಕೆ ಕೇಂದ್ರ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಏಳರಿಂದ ಗುಣಿಸಿ: ಮೂವತ್ತನಾಲ್ಕು ಸಾವಿರ ಚಿಲ್ಲರೆ. ಅದರಲ್ಲಿ ಉಳುಮೆಯ ಟ್ರ್ಯಾಕ್ಟರು, ಗೊಬ್ಬರ, ಕಳೆ, ಕೊಯ್ಲು, ಒಕ್ಕಣೆ ಎಲ್ಲವನ್ನೂ ಕಳೆಯಿರಿ. ಉಳಿದದ್ದು ವರ್ಷದ ಸಂಪಾದನೆ. ನಿಮ್ಮ ಫ್ಲ್ಯಾಟಿನ ಒಂದು ತಿಂಗಳ ಬಾಡಿಗೆಗೆ ಸಾಕಾದರೆ ನಿಮ್ಮ ಪುಣ್ಯ.

ಹೊಟ್ಟೆಗೆ ಮಾತ್ರ ಎಂದರೆ ಲೆಕ್ಕವೇ ಬೇರೆ. ದಿನಕ್ಕೊಂದು ಹೊತ್ತು ಮುದ್ದೆ ಉಣ್ಣುವ ಇಬ್ಬರಿಗೆ ವರ್ಷಕ್ಕೆ ಒಂದು ಕ್ವಿಂಟಲ್ ರಾಗಿ ಧಾರಾಳ. ಅಷ್ಟನ್ನು ಬೆಳೆಯಲು ಎಕರೆಯೂ ಬೇಡ. ಆದರೆ ಎಣ್ಣೆ, ಉಪ್ಪು, ಔಷಧಿ, ಮಕ್ಕಳ ಶಾಲೆ, ಬೈಕಿನ ಪೆಟ್ರೋಲು ಇವು ಯಾವ ಹೊಲದಲ್ಲೂ ಬೆಳೆಯುವುದಿಲ್ಲ. ಸರಳ ಬದುಕಿಗೂ ದುಡ್ಡು ಬೇಕು. ನಮ್ಮ ಊರಿನ ಹುಡುಗರು ಬೆಳಗ್ಗೆ ಬೈಕ್ ಹತ್ತಿ ಬಿಡದಿಯ ಕಾರ್ಖಾನೆಗಳಿಗೆ ಹೋಗುವುದು ಸೋಮಾರಿತನದಿಂದಲ್ಲ.

ಕೊಳ್ಳುವುದೇ ನಿಶ್ಚಯವಾದರೆ ಕಾಗದಪತ್ರ ನೋಡಿ. 2020ರ ಭೂಸುಧಾರಣಾ ತಿದ್ದುಪಡಿಯ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ಸರಿ. ಆದರೆ ಪಹಣಿಯಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಮುಂಗಡ ಕೊಡಬೇಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಅದಕ್ಕೆ 1978ರ ಕಾಯ್ದೆಯ ರಕ್ಷಣೆ ಇದೆ. ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಆ ಕ್ರಯವೇ ಊರ್ಜಿತವಲ್ಲ. ಮೂಲ ಮಂಜೂರಾತಿಯಿಂದ ಹಿಡಿದು ಎಲ್ಲ ದಾಖಲೆಯನ್ನೂ ವಕೀಲರಿಂದ ಓದಿಸಿ. ‘ಇದೆಲ್ಲ ನಡೆಯುತ್ತೆ ಸಾರ್’ ಎನ್ನುವ ದಲ್ಲಾಳಿಯಿಂದ ಓದಿಸಬೇಡಿ.

ಇನ್ನು ನೀರು. ಬೋರ್‌ವೆಲ್ ಕೊರೆಸಿದ ಮೇಲೆ ನೀರು ಬಂದೀತು, ಬಾರದೆಯೂ ಹೋದೀತು. ಬಂದ ನೀರು ಎರಡು ಬೇಸಿಗೆಯಲ್ಲಿ ಹೋದೀತು. ಅದರ ಮೇಲೆ ಹಂದಿ, ನವಿಲು, ಕೋತಿ. ನೆಲಗಡಲೆ ಬಿತ್ತಿದವರು ಇಲ್ಲಿ ರಾತ್ರಿ ನಿದ್ದೆ ಮಾಡುವುದಿಲ್ಲ.

ಒಂದು ಮಳೆಗಾಲ ಪೂರ್ತಿ ಊರೊಳಗೆ ಬಾಡಿಗೆ ಮನೆಯಲ್ಲಿ ಇದ್ದು ನೋಡಿ ಎಂದು ನಾನು ಹೇಳುತ್ತೇನೆ. ತೋಟದ ಮನೆಯಲ್ಲಲ್ಲ, ಊರೊಳಗೆ. ಪಕ್ಕದ ಮನೆಯವರ ಕಳೆ ಕೆಲಸಕ್ಕೆ ಹೋಗಿ. ನಾಳೆ ನಿಮ್ಮ ಹೊಲಕ್ಕೆ ಅವರು ಮುಯ್ಯಾಳಾಗಿ ಬರುತ್ತಾರೋ ಇಲ್ಲವೋ ಎನ್ನುವುದು ಅಲ್ಲೇ ತೀರ್ಮಾನವಾಗುತ್ತದೆ. ಬೇಲಿ ಹಾಕಿ, ಗೇಟಿಗೆ ಬೀಗ ಜಡಿದು, ಒಳಗೆ ‘ಸರಳ’ವಾಗಿ ಇರುವ ಎಸ್ಟೇಟುಗಳನ್ನು ಇಲ್ಲಿ ಬೇಕಾದಷ್ಟು ನೋಡಿದ್ದೇನೆ. ಆ ಗೇಟಿನ ಒಳಗೆ ತಿನ್ನುವ ಟೊಮೆಟೊ ಬರುವುದು ಬೆಂಗಳೂರಿನ ಸೂಪರ್ ಮಾರ್ಕೆಟಿನಿಂದ.

ಇಷ್ಟೆಲ್ಲ ಬೇಡವೆನಿಸಿದರೆ ಇನ್ನೊಂದು ದಾರಿ ಇದೆ. ಕಣದ ಕಾಲಕ್ಕೆ, ಡಿಸೆಂಬರ್–ಜನವರಿಯಲ್ಲಿ, ಬಂದು ಒಬ್ಬ ರೈತರಿಂದ ವರ್ಷದ ರಾಗಿ ಕೊಂಡುಕೊಂಡು ಹೋಗಿ. ಮುಂದಿನ ವರ್ಷ ಅವರ ಹತ್ತಿರವೇ ಬನ್ನಿ. ಮಳೆ ಕೈಕೊಟ್ಟ ವರ್ಷವೂ ಬನ್ನಿ, ಆಗ ಎರಡು ರೂಪಾಯಿ ಹೆಚ್ಚಿಗೆ ಕೊಡಿ. ಹೀಗೆ ಮಾಡುವ ಪೇಟೆಯ ಮನೆಗಳು ಹತ್ತು ಸಿಕ್ಕರೆ ನಮ್ಮಂಥವರ ಹೊಲ ಲೇಔಟ್ ಆಗದೆ ಉಳಿದೀತು. ಒಂದು ವಿಷಯ ಮಾತ್ರ ಕೇಳಿ ತಿಳಿದುಕೊಳ್ಳಿ: ಒಕ್ಕಣೆ ಎಲ್ಲಿ ಮಾಡಿದಿರಿ ಎಂದು. ಡಾಂಬರು ರಸ್ತೆಯ ಮೇಲೆ ಹರಡಿ ಬಸ್ಸು ಲಾರಿಗಳಿಂದ ತುಳಿಸಿದ ರಾಗಿಯಲ್ಲಿ ಕಲ್ಲು ಬಿಡಿಸುವಷ್ಟರಲ್ಲಿ ನಿಮಗೆ ಹಳ್ಳಿಯ ಆಸೆಯೇ ಬಿಟ್ಟುಹೋಗುತ್ತದೆ. ಆ ಹುಲ್ಲಿನ ಮೇಲೆ ಬೈಕ್ ಜಾರಿ ಕೈಕಾಲು ಮುರಿದುಕೊಂಡವರೂ ಇದ್ದಾರೆ. ನಮ್ಮವರಿಗೆ ಎಷ್ಟು ಹೇಳಿದರೂ ಕೇಳುವುದಿಲ್ಲ.

ಪ್ರಶ್ನೆ: ಹಳ್ಳಿಯವರು ಈಗಲೂ ವಿಷವಿಲ್ಲದ, ತಾವೇ ಬೆಳೆದ ಆಹಾರವನ್ನೇ ಉಣ್ಣುತ್ತಾರಲ್ಲವೇ? (ಮೈಸೂರಿನ ಓದುಗರು)

ಉತ್ತರ: ಇಲ್ಲ. ನಮ್ಮ ಊರಿನ ಅಂಗಡಿಯ ಮುಂದೆ ತೂಗುಬಿಟ್ಟಿರುವುದು ಚಿಪ್ಸ್ ಪೊಟ್ಟಣ. ಮನೆಗಳಲ್ಲಿ ಎರಡು ಹೊತ್ತು ಅನ್ನ. ಕಳೆನಾಶಕದ ಡಬ್ಬಿ ಹೊಲದ ಬದುವಿನಲ್ಲಿ ಬಿದ್ದಿರುತ್ತದೆ. ಹಳ್ಳಿಯದು ಎಂಬ ಚೀಟಿ ನೋಡಿ ಕೊಳ್ಳಬೇಡಿ, ಬೆಳೆದವರ ಮುಖ ನೋಡಿ ಕೊಳ್ಳಿ.

ಪ್ರಶ್ನೆ: ಅಕ್ಕಾ, ನನ್ನ ಒಂಬತ್ತು ವರ್ಷದ ಮಗ ಮುದ್ದೆ ಮುಟ್ಟುವುದಿಲ್ಲ. ನಾನು ಮಾಡಿದರೆ ಒಳಗೆಲ್ಲ ಹಿಟ್ಟಿನ ಗಂಟು. ಅಮ್ಮನ ಕೈಯ ಮುದ್ದೆ ಹಾಗಿರುತ್ತಿರಲಿಲ್ಲ. ರಾಗಿ ಮಾಲ್ಟ್ ಕೊಟ್ಟರೆ ಸಾಕೇ? (ದಾವಣಗೆರೆಯ ಓದುಗರು)

ಉತ್ತರ: ಹಿಟ್ಟಿಗೂ ನೀರಿಗೂ ಅವಸರ ಮಾಡಿದರೆ ಗಂಟಾಗುತ್ತದೆ. ಒಂದು ಲೋಟ ಹಿಟ್ಟಿಗೆ ಎರಡು ಲೋಟಕ್ಕೆ ತುಸು ಕಡಿಮೆ ನೀರಿಡಿ. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಮೊದಲೇ ಹಾಕಿ, ಎಸರು ಮರಳಲಿ. ಚೆನ್ನಾಗಿ ಮರಳಿದ ಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ಈಗ ಕೈ ಕಟ್ಟಿಕೊಂಡು ನಿಲ್ಲಿ. ಕಲಕಬೇಡಿ. ಸುತ್ತಲಿನ ನೀರು ಉಕ್ಕಿ ಗುಡ್ಡೆಯ ಮೇಲೆ ಹತ್ತುತ್ತದೆ. ಕೋಲಿನಿಂದ ನಡುವೆ ಒಂದೆರಡು ತೂತು ಮಾಡಿ, ಉರಿ ತಗ್ಗಿಸಿ, ತಟ್ಟೆ ಮುಚ್ಚಿ ಐದಾರು ನಿಮಿಷ ಬೇಯಿಸಿ. ಹಸಿ ವಾಸನೆ ಹೋಗಿ ಬೆಂದ ರಾಗಿಯ ಘಮ ಬಂದಾಗ ಇಳಿಸಿ. ಪಾತ್ರೆಯನ್ನು ಇಕ್ಕಳದಲ್ಲಿ ಒತ್ತಿ ಹಿಡಿದುಕೊಂಡು, ಕೋಲನ್ನು ಪಾತ್ರೆಯ ಗೋಡೆಗೆ ತಾಗಿಸಿ ತಿರುವಿ. ತೋಳಿಗೆ ನೋವು ಬರಬೇಕು, ಬರಲಿಲ್ಲವೆಂದರೆ ಇನ್ನೂ ತಿರುವುವುದಿದೆ. ನೀರು ಸವರಿದ ಮಣೆಯ ಮೇಲೆ ಹಾಕಿ, ಬಿಸಿಯಿರುವಾಗಲೇ ಒದ್ದೆ ಕೈಯಲ್ಲಿ ಉಂಡೆ ಕಟ್ಟಿ.

ಮಗನಿಗೆ ‘ಕ್ಯಾಲ್ಸಿಯಂ ಇದೆ, ತಿನ್ನು’ ಎಂದು ಹೇಳಬೇಡಿ. ಇದೆ, ನಿಜ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರೈವತ್ತು ಮಿಲಿಗ್ರಾಂ ಆಸುಪಾಸು. ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. ಆದರೆ ಮಕ್ಕಳು ಔಷಧಿ ಎಂದ ಕೂಡಲೇ ಬಾಯಿ ಮುಚ್ಚುತ್ತಾರೆ. ನಿಂಬೆ ಗಾತ್ರದ ಮುದ್ದೆ ಕಟ್ಟಿ, ಅವನಿಗೆ ಇಷ್ಟವಾದ ಸಾರಿನಲ್ಲಿ ಬಿಡಿ. ಕೋಳಿ ಸಾರಾದರೆ ಇನ್ನೂ ಒಳ್ಳೆಯದು. ಅಗಿಯದೆ ನುಂಗುವ ಆಟ ಅಂತ ನೀವೇ ಮೊದಲು ಆಡಿ ತೋರಿಸಿ. ಮಾಲ್ಟ್ ಕೊಡಿ, ಬೇಡವೆನ್ನುವುದಿಲ್ಲ. ಪೊಟ್ಟಣದ್ದಾದರೆ ಹಿಂದೆ ಬರೆದಿರುವ ಸಕ್ಕರೆಯ ಪ್ರಮಾಣವನ್ನು ಮೊದಲು ಓದಿ.

ಅಂದಹಾಗೆ, ನಿಮ್ಮ ಪತ್ರದ ಕೊನೆಗೆ ಮಾವನವರ ಸಕ್ಕರೆ ಕಾಯಿಲೆಯ ಮಾತೂ ಇದೆ. ರಾಗಿ ಎಂದರೆ ಎಷ್ಟು ಬೇಕಾದರೂ ಉಣ್ಣಬಹುದು ಎಂದುಕೊಳ್ಳುವುದು ಬೇಡ. ಅದೂ ಧಾನ್ಯವೇ, ಮೂರರಲ್ಲಿ ಎರಡು ಪಾಲು ಹತ್ತಿರ ಹತ್ತಿರ ಪಿಷ್ಟವೇ. ಒಂದು ಮುದ್ದೆ, ತಟ್ಟೆ ತುಂಬ ಸೊಪ್ಪು ಕಾಳು. ಉಳಿದದ್ದು ವೈದ್ಯರ ಮಾತು.

ಪ್ರಶ್ನೆ: ಬೆಂಗಳೂರಿನಲ್ಲಿ ಅವರೆಕಾಯಿ ಈಗ ಜೂನ್‌ನಲ್ಲೂ ಸಿಗುತ್ತದೆ. ಆದರೆ ಬಾಲ್ಯದಲ್ಲಿ ಮನೆಯೆಲ್ಲ ತುಂಬುತ್ತಿದ್ದ ಆ ಸೊಗಡು ಇಲ್ಲ. ನನ್ನ ಮೂಗು ಹೋಯಿತೋ ಅವರೆಯೇ ಕೆಟ್ಟಿತೋ? (ಬಸವನಗುಡಿಯ ಓದುಗರು)

ಉತ್ತರ: ನಿಮ್ಮ ಮೂಗು ನೆಟ್ಟಗಿದೆ. ಈ ತಿಂಗಳ ಪತ್ರಗಳಲ್ಲಿ ನನಗೆ ಬಹಳ ಖುಷಿ ಕೊಟ್ಟ ಪ್ರಶ್ನೆ ಇದು.

ಹಳೆಯ ನಾಟಿ ಅವರೆ ಹಗಲಿನ ಲೆಕ್ಕ ಇಡುವ ಗಿಡ. ಆಷಾಢದಲ್ಲಿ ಬಿತ್ತಿದರೂ ಶ್ರಾವಣದಲ್ಲಿ ಬಿತ್ತಿದರೂ ಸುಮ್ಮನೆ ಎಲೆ ಬಿಟ್ಟುಕೊಂಡು ಹಬ್ಬುತ್ತಿರುತ್ತದೆ. ಹಗಲು ಕುಗ್ಗಿ ಇರುಳು ಉದ್ದವಾಗತೊಡಗಿದ ಮೇಲೇ ಹೂವು. ಅದಕ್ಕೇ ಕಾಯಿ ಬರುವುದು ಮಾಗಿಯಲ್ಲಿ, ಡಿಸೆಂಬರ್‌ನಿಂದ ಸಂಕ್ರಾಂತಿಯ ಆಚೀಚೆ. ವರ್ಷವಿಡೀ ಕಾಯಿ ಬೇಕು ಎಂದವರಿಗಾಗಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಗೊಡವೆಯಿಲ್ಲದ ತಳಿಗಳನ್ನು ತಂದರು: ಹೆಬ್ಬಾಳ ಅವರೆ–3, ಹೆಬ್ಬಾಳ ಅವರೆ–4. ಗಿಡ ಕುಳ್ಳು, ಬೇಗ ಕಾಯಿ ಬಿಡುತ್ತದೆ, ಯಾವ ತಿಂಗಳಲ್ಲಿ ಬಿತ್ತಿದರೂ ಬರುತ್ತದೆ. ರೈತರಿಗೆ ದುಡ್ಡಾಯಿತು, ತಪ್ಪೇನಿಲ್ಲ, ನಾವೂ ಬೆಳೆದಿದ್ದೇವೆ. ಆದರೆ ಸೊಗಡು ಕಡಿಮೆ.

ಸೊಗಡು ಇರುವುದು ಸಿಪ್ಪೆಯಲ್ಲಿ. ಕಾಯಿಯ ಮೇಲಿನ ನವಿರಾದ ರೋಮಗಳಿಂದ ಎಣ್ಣೆಯಂಥ ಜಿಡ್ಡು ಒಸರುತ್ತದೆ, ಅದರ ವಾಸನೆ ಅದು. ಮುಂಜಾನೆ ಮಂಜು ಬಿದ್ದ ಹೊಲದಲ್ಲಿ ಕಾಯಿ ಬಿಡಿಸಿ ಬನ್ನಿ. ಬೆರಳು ಅಂಟಂಟಾಗಿ, ಉಗುರಿನ ಸಂದು ಕಪ್ಪಾಗಿ, ಸೋಪು ಹಾಕಿ ತೊಳೆದರೂ ರಾತ್ರಿಯವರೆಗೆ ಕೈ ಘಮಘಮ ಎನ್ನುತ್ತದೆ. ನಮ್ಮ ಸಂತೆಯಲ್ಲಿ ಹೆಂಗಸರು ಅವರೆಕಾಯಿಯನ್ನು ಕಣ್ಣಿನಿಂದ ಆರಿಸುವುದಿಲ್ಲ. ಒಂದು ಹಿಡಿ ತೆಗೆದು ಎರಡು ಅಂಗೈ ನಡುವೆ ಉಜ್ಜಿ ಮೂಗಿಗೆ ಹಿಡಿಯುತ್ತಾರೆ. ವ್ಯಾಪಾರಿ ಮಂಜಿನ ಹನಿ ಎಂದು ತೋರಿಸುವುದು ಆಗತಾನೆ ಚಿಮುಕಿಸಿದ ನಲ್ಲಿ ನೀರು ಇರಬಹುದು, ಉಜ್ಜಿದರೆ ಗೊತ್ತಾಗುತ್ತದೆ.

ಆದ್ದರಿಂದ ಜೂನ್‌ನಲ್ಲಿ ಅವರೆ ಕೊಂಡು ಕೊರಗಬೇಡಿ. ಜೂನ್‌ನಲ್ಲಿ ಮಾವು, ಹಲಸು ಇವೆ. ಹಲಸಿನ ಬೀಜ ಹಾಕಿ ಸೊಪ್ಪಿನ ಸಾರು ಮಾಡಿ. ಮಾಗಿ ಬರಲಿ. ಆಗ ಐದು ಕಿಲೋ ತಂದು ಪತ್ರಿಕೆ ಹಾಸಿ, ಮನೆಮಂದಿಯನ್ನೆಲ್ಲ ಟೀವಿ ಮುಂದೆ ಕೂರಿಸಿ ಸುಲಿಸಿ. ಹುಳ ಕಂಡರೆ ಕಿರುಚಬೇಡಿ, ಪಕ್ಕಕ್ಕೆ ಎಸೆಯಿರಿ. ಕಾಳನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಒತ್ತಿದರೆ ಬೇಳೆ ಪಟಕ್ಕನೆ ಜಿಗಿಯುತ್ತದೆ. ಹಿತಕಿದ ಬೇಳೆ ಸಾರು ತಿನ್ನುವ ಜನಕ್ಕೆ ಈಗ ಕೊರತೆಯಿಲ್ಲ, ಕೂತು ಹಿತಕುವವರಿಗೆ ಮಾತ್ರ ಬರ. ಬೆಂಗಳೂರಿನ ಅವರೆ ಮೇಳಕ್ಕೆ ಹೋಗಿ ಅವರೆ ಜಾಮೂನು ತಿಂದವರೂ ನನಗೆ ಬರೆದಿದ್ದಾರೆ. ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೇನೆ. ಊರಿನಿಂದ ತಂದ ಅವರೆ ಬೀಜ ಹಾಕಿದೆ. ಬಳ್ಳಿ ಮನೆ ಮಟ್ಟಕ್ಕೆ ಹಬ್ಬಿತು, ಒಂದು ಕಾಯಿಯೂ ಬಿಡಲಿಲ್ಲ. ಇಲ್ಲಿದ್ದುಕೊಂಡು ‘ಊರಿನ ಊಟ’ ಉಣ್ಣುವುದು ಹೇಗೆ?

ಉತ್ತರ: ಮೇಲಿನ ಉತ್ತರದಲ್ಲಿ ನಿಮ್ಮದೂ ಇದೆ. ಅಲ್ಲಿನ ಬೇಸಿಗೆಯ ಹಗಲು ಬಲು ಉದ್ದ. ಹಗಲು ಕುಗ್ಗಿ ಬಳ್ಳಿಗೆ ಹೂವಿನ ಯೋಚನೆ ಬರುವ ಹೊತ್ತಿಗೆ ಹಿಮ ಬಂದು ಸುಟ್ಟುಹಾಕುತ್ತದೆ. ಗಿಡದ ತಪ್ಪಲ್ಲ, ನಿಮ್ಮ ತಪ್ಪೂ ಅಲ್ಲ. ಮುಂದಿನ ಸಲ ಬೀಜವನ್ನು ಸೂಟ್‌ಕೇಸಿನಲ್ಲಿ ಬಚ್ಚಿಟ್ಟು ಒಯ್ಯಬೇಡಿ, ಅಲ್ಲಿನ ಕಸ್ಟಮ್ಸ್‌ನವರ ನಿಯಮ ಬಿಗಿ. ಅಲ್ಲೇ ಮಾರುವ ಬೀಜದಲ್ಲಿ ದಂಟು, ಬಸಳೆ ಸಿಗುತ್ತವೆ. ಬೇಸಿಗೆಯಲ್ಲಿ ಎರಡೂ ಸೊಗಸಾಗಿ ಬರುತ್ತವೆ. ನಮ್ಮ ಗೋಣಿ ಸೊಪ್ಪು ಅಲ್ಲಿ ನಿಮ್ಮ ಗೇಟಿನ ಕಲ್ಲಿನ ಸಂದಿಯಲ್ಲಿ ಕಳೆಯಾಗಿ ಬೆಳೆಯುತ್ತಿರುತ್ತದೆ, ನೀವೇ ಕಿತ್ತು ಬಿಸಾಡುತ್ತಿರಬಹುದು. ಗುರುತು ಮಾತ್ರ ಸರಿಯಾಗಿ ಹಿಡಿಯಿರಿ. ಕಾಂಡ ಮುರಿದಾಗ ಹಾಲು ಒಸರಿದರೆ ಅದು ಬೇರೆ ಗಿಡ, ತಿನ್ನಬಾರದು. ದಪ್ಪ ಎಲೆ, ಕೆಂಪು ಕಾಂಡ, ಮುರಿದರೆ ಬರೀ ನೀರು: ಬೇಳೆಯ ಜೊತೆ ಮಸೆದು ಬಿಡಿ. ಕಳೆನಾಶಕ ಹೊಡೆದ ಹುಲ್ಲುಹಾಸಿನದು ಬೇಡ.

ಉಳಿದಂತೆ ಅಲ್ಲಿನ ನೆಲ ಏನು ಕೊಡುತ್ತದೋ ಅದೇ ಅಲ್ಲಿನ ಊರಿನ ಊಟ. ಶನಿವಾರದ ರೈತರ ಸಂತೆಯಿಂದ ಕುಂಬಳಕಾಯಿ, ಜೋಳದ ತೆನೆ ತಂದು ನಮ್ಮ ಒಗ್ಗರಣೆ ಹಾಕಿ. ಇಲ್ಲಿಂದ ವಿಮಾನ ಹತ್ತಿ ಬಂದ ಹೆಪ್ಪುಗಟ್ಟಿದ ನುಗ್ಗೆಕಾಯಿಗಿಂತ ಅದು ವಾಸಿ.

ಪ್ರಶ್ನೆ: ಬೆರಕೆ ಸೊಪ್ಪು ಈಗ ಹಳ್ಳಿಯಲ್ಲೂ ಸಿಗುವುದಿಲ್ಲವೆಂದು ಅಜ್ಜಿ ಹೇಳುತ್ತಾರೆ. ಯಾಕೆ? (ಕುಣಿಗಲ್‌ನ ವಿದ್ಯಾರ್ಥಿನಿ)

ಉತ್ತರ: ನಿಮ್ಮಜ್ಜಿ ಹೇಳುವುದು ಸರಿ, ಮಗಳೇ. ಬೆರಕೆ ಸೊಪ್ಪು ಯಾರೂ ಬಿತ್ತಿ ಬೆಳೆದದ್ದಲ್ಲ. ರಾಗಿ ಹೊಲದಲ್ಲಿ ಕಳೆ ಕೀಳಲು ಹೋದ ಹೆಂಗಸರು ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಕಿರಕಸಾಲೆ, ಗಣಿಕೆ ಎಂದು ಕೈಗೆ ಸಿಕ್ಕಿದ್ದನ್ನು ಕಿತ್ತು ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಸಂಜೆಗೆ ಅದೇ ಬಸ್ಸಾರು. ಈಗ ಕಳೆಗೆ ಔಷಧಿ ಹೊಡೆಯುತ್ತಾರೆ. ಕಳೆ ಹೋಯಿತು, ಜೊತೆಗೆ ಸಾರೂ ಹೋಯಿತು.

ಇನ್ನೊಂದು ಕಾರಣ ಅಕ್ಕಡಿ ಸಾಲು ಹೋದದ್ದು. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ, ಇನ್ನೊಂದು ಕಡೆ ತೊಗರಿ, ಬದುವಿಗೆ ಹರಳು, ನಡುನಡುವೆ ಸಾಸಿವೆ, ಹುಚ್ಚೆಳ್ಳು, ಜೋಳ. ಒಂದೇ ಹೊಲದಲ್ಲಿ ಹಿಟ್ಟು, ಬೇಳೆ, ಎಣ್ಣೆ, ಒಗ್ಗರಣೆ. ಮಳೆ ಒಂದಕ್ಕೆ ಕೈಕೊಟ್ಟರೂ ಇನ್ನೊಂದು ಉಳಿಯುತ್ತಿತ್ತು. ಆದರೆ ರಾಗಿ ಮೊದಲು ಮಾಗುತ್ತದೆ, ಅವರೆ, ತೊಗರಿ ಹೊಲದಲ್ಲೇ ನಿಂತಿರುತ್ತವೆ. ಕುಡುಗೋಲಿನಲ್ಲಿ ಕೊಯ್ಯುವವರು ಅವುಗಳನ್ನು ಬಿಟ್ಟು ಕೊಯ್ಯುತ್ತಿದ್ದರು, ಕೊಯ್ಲಿನ ಯಂತ್ರ ಬಿಡುವುದಿಲ್ಲ. ಕೂಲಿಗೆ ಜನ ಸಿಗದ ಊರಿನಲ್ಲಿ ಯಂತ್ರ ಬಂತು, ಯಂತ್ರಕ್ಕಾಗಿ ಸಾಲು ಹೋಯಿತು. ಅದನ್ನು ಅಜ್ಞಾನ ಎಂದು ಬೈಯುವವರು ಒಂದು ದಿನ ಬಂದು ಬಗ್ಗಿ ರಾಗಿ ಕೊಯ್ಯಲಿ. ನಾವು ಈಗಲೂ ಮನೆ ಮುಂದಿನ ಹತ್ತು ಗುಂಟೆಯಲ್ಲಿ ಅಕ್ಕಡಿ ಹಾಕುತ್ತೇವೆ, ಕೈಯಲ್ಲೇ ಕೊಯ್ಯುತ್ತೇವೆ. ಉಳಿದ ಹೊಲಕ್ಕೆ ಯಂತ್ರ.

ನೀನು ಒಂದು ಕೆಲಸ ಮಾಡು. ಭಾನುವಾರ ಅಜ್ಜಿಯನ್ನು ಕರೆದುಕೊಂಡು ಹೊಲಕ್ಕೆ ಹೋಗಿ, ಅವರು ತೋರಿಸಿದ ಸೊಪ್ಪನ್ನೆಲ್ಲ ಮೊಬೈಲಿನಲ್ಲಿ ಫೋಟೊ ತೆಗೆದು ಹೆಸರು ಬರೆದಿಡು. ಯಾವುದನ್ನು ತಿನ್ನಬಾರದು ಎನ್ನುವುದನ್ನು ಮೊದಲು ಕೇಳು.

ಪ್ರಶ್ನೆ: ಮೂರು ಹೊತ್ತೂ ರಾಗಿ ರಾಗಿ ಎನ್ನುತ್ತೀರಿ. ನಾವು ಜೋಳದ ಮಂದಿ ನಿಮ್ಮ ಲೆಕ್ಕಕ್ಕಿಲ್ಲವೇ? (ಧಾರವಾಡದ ಓದುಗರು)

ಉತ್ತರ: ಲೆಕ್ಕಕ್ಕಿದ್ದೀರಿ ರೀ, ಆದರೆ ನನ್ನ ಕೈಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಮಗಳನ್ನು ನಿಮ್ಮ ಕಡೆಗೇ ಕೊಟ್ಟಿದ್ದೇವೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆ ಎರಚಲು, ಬೀಗರ ಹೊಲಕ್ಕೆ ಹೋದಾಗ ನೋಡಿದ್ದೇನೆ: ಬಿತ್ತಿದ ಮೇಲೆ ಮಳೆಯೇ ಸರಿಯಾಗಿ ಕಾಣದ ಹಿಂಗಾರಿ ಜೋಳ, ಕರಿ ಎರೆಯೊಳಗಿನ ತೇವ ಮತ್ತು ಮಂಜು ಕುಡಿದೇ ಆಳೆತ್ತರ ನಿಂತಿತ್ತು. ನಮ್ಮ ಕೆಂಪು ಮಣ್ಣು ಹದಿನೈದು ದಿನ ನೀರು ಹಿಡಿದಿಡುವುದಿಲ್ಲ. ಅಲ್ಲಿ ಉಂಡ ಸಜ್ಜಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಚಟ್ನಿ ಇನ್ನೂ ನೆನಪಿದೆ. ನಮ್ಮ ಅಕ್ಕಡಿ ಸಾಲಿನಲ್ಲಿ ಇರುತ್ತಿದ್ದ ಹುಚ್ಚೆಳ್ಳೇ ನಿಮ್ಮ ಗುರೆಳ್ಳು. ಹಸಿ ತೆನೆ ಸುಟ್ಟು ಬಡಿದ ಸೀತನಿ ಇಲ್ಲಿ ಯಾವ ದುಡ್ಡಿಗೂ ಸಿಗುವುದಿಲ್ಲ. ಆದರೆ ಬೀಗರೂ ಈಗ ಅರ್ಧ ಹೊಲಕ್ಕೆ ಕಡಲೆ ಹಾಕುತ್ತಿದ್ದಾರೆ, ಜೋಳಕ್ಕೆ ಹಕ್ಕಿ ಕಾಯುವವರಿಲ್ಲ ಎಂದು. ಸೀತನಿಯ ಬಗ್ಗೆ ನೀವೇ ಬರೆದು ಕಳುಹಿಸಿ, ಇಲ್ಲಿ ಹಾಕೋಣ.

ಪ್ರಶ್ನೆ: ಅಜ್ಜನ ಮನೆಯ ಅಂಗಳದಲ್ಲಿ ಕಲ್ಲು ಮುಚ್ಚಿದ ಹಗೇವು ಇದೆ. ಯಾರೂ ತೆರೆದು ದಶಕಗಳಾಗಿವೆ. ನಾನೂ ತಮ್ಮನೂ ಇಳಿದು ನೋಡಬೇಕೆಂದಿದ್ದೇವೆ. ಒಳಗೆ ರಾಗಿ ಇದ್ದರೆ ತಿನ್ನಬಹುದೇ? (ನಾಗಮಂಗಲದ ಓದುಗರು)

ಉತ್ತರ: ಇಳಿಯಬೇಡಿ. ತಿನ್ನುವ ಮಾತು ಆಮೇಲೆ.

ಹಗೇವು ಎಂದರೆ ಗಟ್ಟಿ ನೆಲದಲ್ಲಿ ತೋಡಿದ, ಬಾಯಿ ಕಿರಿದಾದ, ಹೊಟ್ಟೆ ಅಗಲವಾದ ಗುಂಡಿ. ಒಳಗೆ ಸುತ್ತ ಹುಲ್ಲು ಇಟ್ಟು ರಾಗಿ ತುಂಬಿ, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಕಾಳು ಉಸಿರಾಡಿ ಒಳಗಿನ ಆಮ್ಲಜನಕ ತೀರುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಹುಳ ಬದುಕದೆ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿದ್ದುದೇ ಅದರಿಂದ. 1876–78ರ ಧಾತು ಈಶ್ವರ ಕ್ಷಾಮದಂಥ ಬರ ಕಂಡ ಸೀಮೆಗೆ ಅದೇ ಬ್ಯಾಂಕು. ಹುಳ ಬದುಕದ ಕಡೆ ಮನುಷ್ಯನೂ ಬದುಕುವುದಿಲ್ಲ. ಇಳಿದವನು ಮೇಲೆ ಬರಲಿಲ್ಲವೆಂದು ಇನ್ನೊಬ್ಬ ಇಳಿದು ಇಬ್ಬರೂ ಹೋದ ಕತೆ ಹಗೇವು ಇದ್ದ ಊರುಗಳಲ್ಲಿ ಹಿರಿಯರ ಬಾಯಲ್ಲಿ ಇದೆ.

ಮೊದಲು ಮನೆಯ ಹಿರಿಯರಿಗೆ ತಿಳಿಸಿ. ಬೇಸಿಗೆಯ ಒಣ ದಿನದಲ್ಲಿ ಚಪ್ಪಡಿ ಸರಿಸಿ, ಮಕ್ಕಳು, ಕರುಗಳು ಬೀಳದಂತೆ ಸುತ್ತ ಅಡ್ಡ ಕಟ್ಟಿ ತೆರೆದಿಡಿ. ಹಿಂದಿನವರು ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಅಪಾಯ ಖಂಡಿತ, ಆರದಿದ್ದರೆ ಕ್ಷೇಮವೆಂದು ಭರವಸೆ ಇಲ್ಲ. ಒಳಗೆ ಏನಿದೆ ಎಂದು ನೋಡಲು ಉದ್ದನೆಯ ಹಗ್ಗಕ್ಕೆ ಟಾರ್ಚು, ಮೊಬೈಲು ಕಟ್ಟಿ ಇಳಿಬಿಟ್ಟು ವಿಡಿಯೊ ಮಾಡಿದರೆ ಸಾಕು. ಹಗ್ಗದ ತುದಿಯ ಡಬ್ಬಿಯಲ್ಲಿ ಒಂದು ಹಿಡಿ ಕಾಳು ಮೇಲೆ ಬಂದೀತು. ಮುಗ್ಗಲು ವಾಸನೆಯಿದ್ದರೆ, ಬೂಸಲು ಹಿಡಿದಿದ್ದರೆ ತಿನ್ನಬೇಡಿ, ದನಕ್ಕೂ ಹಾಕಬೇಡಿ. ಕಾಳು ಚೆನ್ನಾಗಿ ಕಂಡರೂ ತಿನ್ನುವ ಮೊದಲು ನಿಮ್ಮ ತಾಲ್ಲೂಕಿನ ಕೃಷಿ ಇಲಾಖೆಯವರಿಗೆ ತೋರಿಸಿ. ಯಾರಾದರೂ ಒಳಗೆ ಬಿದ್ದರೆ ಅವರ ಹಿಂದೆ ನೀವೂ ಇಳಿಯದೆ ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿ. ವಿಡಿಯೊ ಮಾಡಿದರೆ ನನಗೂ ಒಂದು ಪ್ರತಿ ಕಳುಹಿಸಿ, ನಮ್ಮ ಊರಿನ ಹಗೇವುಗಳ ಮೇಲೆಲ್ಲ ಈಗ ಕಾಂಕ್ರೀಟು ಬಿದ್ದಿದೆ.